ಚೌಕಳಿ ಅಂಗಿಯವನೂ ಬ್ಲೀಚಿಂಗ್ ಪೌಡರ್ ವಾಸನೆಯೂ

ಮೊದಲೇ ಹೇಳಿಬಿಡುತ್ತೇನೆ: ನಾನು ಕೊಳ್ಳೇಗಾಲದವಳು, ಹಿಮವನ್ನು ನೋಡಿರುವುದು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆಗಾಗ ಅದನ್ನು ಚಮಚದ ಹಿಡಿಯಿಂದ ಕೆರೆದು ತೆಗೆಯುವ ಕೆಲಸವೂ ನನ್ನದೇ. ಹೀಗಿದ್ದರೂ ಪ್ರತಿವರ್ಷ ದೀಪಾವಳಿಯ ಪಟಾಕಿ ಸದ್ದು ಅಡಗಿತೋ ಇಲ್ಲವೋ, ನಮ್ಮ ನಡುಮನೆಯಲ್ಲಿ ಧಾರಾಳವಾಗಿ ಹಿಮ ಬೀಳತೊಡಗುತ್ತದೆ. ಕನ್ನಡಕ್ಕೆ ಡಬ್ ಆದ ಕ್ರಿಸ್‌ಮಸ್ ಪ್ರೇಮಕಥೆಗಳು ಟೀವಿಯಲ್ಲಿ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ. ನಮ್ಮವ್ವ ಪುಟ್ಟಮ್ಮಣ್ಣಿ ಶಿವಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು, ಸಾಂತಾಕ್ಲಾಸನ ಎದುರು ಕಾಲು ಚಾಚಿ ಕುಳಿತುಬಿಡುತ್ತಾಳೆ. ಪಕ್ಕದಲ್ಲಿ ನಾನು: ರೇಷ್ಮೆ ಇಲಾಖೆಯ ಉದ್ಯೋಗಿ, ನಲವತ್ತೇಳರ ಅವಿವಾಹಿತೆ, ಮಡಿಲಲ್ಲಿ ಹುರಿಗಡಲೆ ತಟ್ಟೆ.

ಕಥೆ ನಿಮಗೆ ಗೊತ್ತು. ನೋಡಿಲ್ಲದಿದ್ದರೂ ಗೊತ್ತು. ದೊಡ್ಡ ನಗರದಲ್ಲಿ ದೊಡ್ಡ ಕೆಲಸದಲ್ಲಿರುವ ಹುಡುಗಿಯೊಬ್ಬಳು. ಏನು ಕೆಲಸವೆಂದು ಯಾರೂ ಹೇಳುವುದಿಲ್ಲ; ಕಿವಿಗೆ ಫೋನು ಒತ್ತಿಕೊಂಡು ಬಿರಬಿರನೆ ನಡೆಯುವುದಕ್ಕೇ ಸಂಬಳ ಕೊಡುತ್ತಾರೇನೋ. ಅವಳು ಕೆಂಪು ಕೋಟು ತೊಟ್ಟು ಸಣ್ಣದೊಂದು ಊರಿಗೆ ಬರುತ್ತಾಳೆ. ಅಲ್ಲಿ ಚೌಕಳಿ ಅಂಗಿಯವನೊಬ್ಬ ಮರ ಕಡಿಯುತ್ತಲೋ ಬ್ರೆಡ್ಡು ಬೇಯಿಸುತ್ತಲೋ ಇರುತ್ತಾನೆ. ಇಬ್ಬರೂ ಡಿಕ್ಕಿ ಹೊಡೆಯುತ್ತಾರೆ, ಒಬ್ಬರ ಕಾಫಿ ಇನ್ನೊಬ್ಬರ ಎದೆಯ ಮೇಲೆ ಚೆಲ್ಲುತ್ತದೆ, ಅಲ್ಲಿಂದ ಮುಂದೆ ಲೋಕವೇ ಸೇರಿ ಅಡ್ಡ ಬಂದರೂ ಮದುವೆ ತಪ್ಪುವುದಿಲ್ಲ. ಅವ್ವ ಎಲ್ಲ ನಾಯಕಿಯರಿಗೂ ಕೆಂಪಿ ಎಂದು ಒಂದೇ ಹೆಸರಿಟ್ಟಿದ್ದಾಳೆ. ನೆನಪಿಡುವ ಶ್ರಮ ಉಳಿಯಿತಲ್ಲ.

ಅವಳ ತಕರಾರು ಇರುವುದು ಬೇರೆ ಕಡೆ. "ಜಾತಿ ಕೇಳೋರಿಲ್ಲ, ಜಾತ್ಕ ತೋರ್ಸೋರಿಲ್ಲ. ಎತ್ತವ್ವ ಅನ್ನೋಳು ಬಿಸ್ಕತ್ ಬೇಯಿಸ್ಕಂಡು ನಗ್ತಾ ಕುಂತವ್ಳೆ. ಇಂತಾ ಊರಲ್ಲಿ ಲವ್ ಮಾಡಕೆ ಏನಮ್ಮಿ ಕಷ್ಟ ಇವುಕ್ಕೆ?"

ಕಷ್ಟವಿಲ್ಲದಿರುವುದೇ ಆ ನಿರ್ದೇಶಕರ ಕಷ್ಟ. ಒಂದೂವರೆ ಗಂಟೆ ತಳ್ಳಬೇಕಲ್ಲ? ಅದಕ್ಕಾಗಿ ಕೊನೆಯ ಕಾಲುಗಂಟೆಗೆ ಮುಂಚೆ ಒಂದು ತಪ್ಪು ತಿಳಿವಳಿಕೆಯನ್ನು ತಂದಿಡುತ್ತಾರೆ. ಕೆಂಪಿ ಬಾಗಿಲ ಸಂದಿಯಲ್ಲಿ ಅರ್ಧ ಮಾತು ಕೇಳಿಸಿಕೊಂಡು ಪೆಟ್ಟಿಗೆ ಕಟ್ಟುತ್ತಾಳೆ. ನಮ್ಮ ಕಡೆ ಇಂಥ ತೊಡಕು ನಡೆಯುವುದಿಲ್ಲ. ಇಲ್ಲಿ ಎಲ್ಲರಿಗೂ ಎಲ್ಲವೂ ಸರಿಯಾಗಿಯೇ ತಿಳಿದಿರುತ್ತದೆ. ಯಾರು ಯಾವ ಜನ, ಯಾರ ಮನೆಯಲ್ಲಿ ಏನು ಬೇಯುತ್ತದೆ, ಯಾರ ಅಜ್ಜ ಯಾರ ಹೊಲದಲ್ಲಿ ಆಳಾಗಿದ್ದ, ಎಲ್ಲ. ತೊಂದರೆ ಬರುವುದೇ ಅದರಿಂದ.

ಮತ್ತೆ ಯಾಕೆ ನೋಡುತ್ತೀರಿ ಎಂದು ಕೇಳಬಹುದು. ನನ್ನ ಓದು ಬರಹವನ್ನೆಲ್ಲ ಒಟ್ಟುಗೂಡಿಸಿ ಇದಕ್ಕೊಂದು ಸಮರ್ಥನೆ ಹೊಸೆದಿದ್ದೇನೆ. ನಮ್ಮ ಹಿಂದಿನ ಕಾವ್ಯಮೀಮಾಂಸಕರು ರಸ ಎಂದರು, ಸಸ್ಪೆನ್ಸ್ ಎನ್ನಲಿಲ್ಲ. ಹರಿಕಥೆಗೆ ಹೋದವರು ಸೀತೆ ಸಿಗುತ್ತಾಳೋ ಇಲ್ಲವೋ ಎಂದು ಉಗುರು ಕಚ್ಚಿಕೊಂಡು ಕೂರಲಿಲ್ಲ. ಸಿಗುತ್ತಾಳೆಂದು ಗೊತ್ತಿದ್ದೇ ಅತ್ತರು, ಅತ್ತು ಹಗುರಾಗಿ ಮನೆಗೆ ಬಂದು ಮುದ್ದೆ ತಿಂದರು. ಈ ವಾದವನ್ನು ಅವ್ವನ ಮುಂದಿಟ್ಟಾಗ ಅವಳು ತಲೆ ಕೊಡವಿದಳು. ನನ್ನ ಜೊತೆ ಇರಲು ಬರುವವರೆಗೂ ಯಳಂದೂರಿನ ಪಕ್ಕದ ಹಳ್ಳಿಯಲ್ಲಿ ರೇಷ್ಮೆಹುಳು ಸಾಕಿದವಳಿಗೆ ಮೀಮಾಂಸಕರ ಹಂಗಿಲ್ಲ. ಹುಳುವಿನ ಕಥೆಯೂ ಪ್ರತಿ ಬೆಳೆಗೆ ಒಂದೇ. ಪೊರೆ ಬಿಡುವ ಮುಂಚೆ ಅದು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಅದಕ್ಕೆ ನಮ್ಮ ರೈತರು ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದರೆ ಗೂಡು. "ನೋಡ್ತಿರು, ಕೆಂಪಿಗೆ ಈಗ ನಾಕ್ನೇ ಜ್ವರ," ಎನ್ನುತ್ತಾಳೆ ಅವ್ವ, ನಾಯಕಿ ಕಿಟಕಿಯ ಬಳಿ ಮಂಕಾಗಿ ನಿಂತಾಗ. "ಈಗ ಯಾರೂ ಮಾತಾಡಿಸ್ಬಾರ್ದು. ಜ್ವರದಲ್ಲಿರೋ ಉಳಾನ ಮುಟ್ಟಿದ್ರೆ ಸತ್ತೋಯ್ತದೆ."

ಇನ್ನು ನನ್ನ ವಿಷಯ. ಕೆಲಸದ ಮೇಲೆ ನಾನು ಹನೂರು ದಾಟಿ ಹೂಗ್ಯಂ ಕಡೆಯ ಹಿಪ್ಪುನೇರಳೆ ತೋಟಗಳಿಗೆ ಹೋಗಿಬರುವುದುಂಟು. ವಾಪಸು ಬರುವಾಗ ರಾಮಾಪುರದಲ್ಲಿ ಬಸ್ಸು ಬದಲಿಸಬೇಕು. ಬಸ್ ಸ್ಟಾಪಿನ ಎದುರಿಗೇ ಅರುಳ್ ಅವರ ಅಂಗಡಿ. ಹುಳು ಸಾಕುವವರಿಗೆ ಬೇಕಾದ ಸುಣ್ಣ, ಬ್ಲೀಚಿಂಗ್ ಪೌಡರ್, ಹುಳು ಗೂಡು ಕಟ್ಟುವ ಪ್ಲಾಸ್ಟಿಕ್ ಚಂದ್ರಿಕೆ ಮಾರುತ್ತಾರೆ. ಐವತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದಾರೆ, ಪಾಲಾರ್ ಕಡೆಯ ಹಳ್ಳಿಯವರು, ತಮಿಳು ಮನೆಮಾತಿನ ಕ್ರೈಸ್ತರು. ನಾವು ಡಿಕ್ಕಿ ಹೊಡೆಯಲಿಲ್ಲ, ಕಾಫಿಯೂ ಚೆಲ್ಲಲಿಲ್ಲ. ಬಸ್ಸು ತಡವಾಗುತ್ತಿತ್ತು, ನಾನು ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ, ಅಷ್ಟೆ. ಬರಬರುತ್ತಾ, ಬಸ್ಸೇನಾದರೂ ಹೊತ್ತಿಗೆ ಸರಿಯಾಗಿ ಬಂದರೆ ನನಗೆ ಸಿಟ್ಟು ಬರತೊಡಗಿತು. ಸಿನಿಮಾದ ಚೌಕಳಿ ಅಂಗಿಯವನ ಮೈಯಿಂದ ದೇವದಾರು ಮರದ ಪರಿಮಳ ಬರುತ್ತದಂತೆ. ನನ್ನವರ ಹತ್ತಿರ ಹೋದರೆ ಕಣ್ಣು ಉರಿಯುತ್ತದೆ.

ಈ ಡಿಸೆಂಬರಿನಲ್ಲಿ ಅರುಳ್ ಬಾಯಿ ಬಿಟ್ಟು ಕೇಳಿದರು. ಅವ್ವನಿಗೆ ಹೇಳಿ ಉತ್ತರ ಕೊಡುತ್ತೇನೆಂದೆ. ಆ ಭಾನುವಾರ ಮಧ್ಯಾಹ್ನ ಹೊಸ ಕೆಂಪಿಯೊಬ್ಬಳು ನಗರದ ಶ್ರೀಮಂತ ವರನನ್ನು ಬಿಡಬೇಕೋ ಬೇಡವೋ ಎಂದು ಹಿಮದಲ್ಲಿ ನಿಂತಿದ್ದಳು. ಅವ್ವ ಟೀವಿಗೆ ಕೈ ಬೀಸಿ ಕೂಗಿದಳು. "ಓಗಮ್ಮಿ ಓಗು! ಆ ಬ್ರೆಡ್ಡೋನ್ತಕೇ ಓಗು! ಜನ ಏನಂದಾರು ಅಂತ ಕುಂತ್ಕಂಡ್ರೆ ಆಯ್ತದಾ?"

ಇದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿ ಸಿಗಬೇಕು? ಜಾಹೀರಾತು ಬಂದದ್ದೇ ಹೇಳಿಬಿಟ್ಟೆ. "ಅವ್ವಾ, ರಾಮಾಪುರದಲ್ಲಿ ಒಬ್ರವ್ರೆ. ಅರುಳ್ ಅಂತ. ಮದ್ವೆ ಮಾಡ್ಕೋಬೇಕು ಅಂತಿದೀನಿ."

"ಯಾವ ಜನ?"

"ಕ್ರಿಶ್ಚಿಯನ್ನರು."

ಅವ್ವ ರಿಮೋಟ್ ತೆಗೆದುಕೊಂಡು ಟೀವಿ ಆರಿಸಿದಳು. ಅವಳು ಯಾವ ಸಿನಿಮಾವನ್ನೂ ಕೊನೆಗೆ ಮುಂಚೆ ಆರಿಸಿದ್ದನ್ನು ನಾನು ಕಂಡಿರಲಿಲ್ಲ. ಎದ್ದು ಒಳಗೆ ಹೋದಳು. ಪರದೇಶದ ಕೆಂಪಿಗೆ ಧಾರಾಳವಾಗಿ ದಯಪಾಲಿಸಿದ್ದನ್ನು ಸ್ವಂತ ಮಗಳಿಗೆ ಕೊಡುವಾಗ ಕೈ ಹಿಡಿತವಾಯಿತು ಎಂದು ನಗಲು ನೋಡಿದೆ. ನಗು ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅವ್ವ ಟೀವಿ ಹಾಕಲಿಲ್ಲ. ಊಟಕ್ಕೆ ಕೂತರೆ ಮುದ್ದೆ ಮುರಿದು ಹಾಗೇ ಬಿಡುತ್ತಿದ್ದಳು. ಕಿಟಕಿಯ ಹತ್ತಿರ ತಲೆ ಎತ್ತಿಕೊಂಡು ನಿಲ್ಲುತ್ತಿದ್ದಳು. ನಾನು ಅವಳು ಕಲಿಸಿದ ಪಾಠವನ್ನೇ ಪಾಲಿಸಿ, ಮಾತಾಡಿಸದೆ, ಮುಟ್ಟದೆ ಇದ್ದೆ. ಒಳಗೆ ಮಾತ್ರ ಹೆದರಿಕೆ. ಅವ್ವ ಬೇಡವೆಂದರೆ ಅವಳನ್ನು ನೋಯಿಸಿ ಮದುವೆಯಾಗುವಷ್ಟು ಗಟ್ಟಿಗಿತ್ತಿ ನಾನಲ್ಲ. ಬೇಡವೆನಿಸಿಕೊಂಡ ಮೇಲೆ ಅವಳ ಪಕ್ಕದಲ್ಲಿ ಹುರಿಗಡಲೆ ತಿನ್ನುತ್ತಾ ಮುಂದಿನ ಕೆಂಪಿಯನ್ನು ನೋಡುವಷ್ಟು ಒಳ್ಳೆಯವಳೂ ಅಲ್ಲ. ಅರುಳ್ ಅವರನ್ನು ಕಳೆದುಕೊಂಡರೆ ಅವ್ವನನ್ನೂ ಕಳೆದುಕೊಂಡ ಹಾಗೆಯೇ. ನನ್ನ ಕಥೆಯ ಕೊನೆ ನನಗೆ ಗೊತ್ತಿರಲಿಲ್ಲ, ಅದು ಬಹಳ ಕೆಟ್ಟ ಅನುಭವ.

ಶನಿವಾರ ಬೆಳಿಗ್ಗೆ ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ರಾಮಾಪುರಕ್ಕೆ ಓಗ್ಬೇಕು ಕಣಮ್ಮಿ. ಆ ವಯ್ಯನ್ನ ನೋಡ್ಬೇಕು."

ದಾರಿಯುದ್ದಕ್ಕೂ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು, ನಾನು ಅವಳು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಹೊಂದಿಸುತ್ತಿದ್ದೆ. ಮಾಂಸ ತಿನ್ನುತ್ತಾರಾ? ತಿನ್ನುತ್ತಾರೆ. ಕುಡಿಯುತ್ತಾರಾ? ಇಲ್ಲ. ಚರ್ಚಿಗೆ ಕರೆದುಕೊಂಡು ಹೋಗುತ್ತಾರಾ? ಬರುವುದು ಬಿಡುವುದು ನನ್ನಿಷ್ಟ ಎಂದಿದ್ದಾರೆ. ಅರುಳ್ ಮೊಣಕೈವರೆಗೂ ಬಿಳಿ ಪುಡಿ ಮೆತ್ತಿಕೊಂಡು ತೂಕ ಮಾಡುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಲ್ಲಿ "ಉಕ್ಕಾರುಂಗಮ್ಮಾ, ಉಕ್ಕಾರುಂಗ," ಎಂದು ಸ್ಟೂಲು ಎಳೆದು, ತಮಿಳಾಯಿತೆಂದು ನಾಲಿಗೆ ಕಚ್ಚಿಕೊಂಡು "ಕೂತ್ಕಳಿ" ಎಂದರು. ಅವ್ವ ಕೂತಳು. ಎರಡು ಸಲ ಸೀನಿದಳು. ಆಮೇಲೆ ನಾನು ಹೊಂದಿಸಿಕೊಂಡಿದ್ದ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

"ನಿಮ್ಮೆಂಡ್ರು ಎಸ್ರೇನಪ್ಪ?"

ಕ್ರಿಸ್‌ಮಸ್ ಸಿನಿಮಾಗಳಲ್ಲಿ ಚೌಕಳಿ ಅಂಗಿಯವನ ಸತ್ತ ಹೆಂಡತಿ ಒಂದು ಫೋಟೋ ಮಾತ್ರ. ಕೆಂಪಿ ಅದನ್ನು ಒಮ್ಮೆ ನೋಡಿ ನಿಟ್ಟುಸಿರಿಟ್ಟು ಟೇಬಲ್ಲಿನ ಮೇಲೆ ವಾಪಸು ಇಡುತ್ತಾಳೆ. ಆ ಹೆಂಗಸಿನ ಹೆಸರನ್ನು ಯಾರೂ ಕೇಳುವುದಿಲ್ಲ. ಸಿನಿಮಾದವರನ್ನು ಯಾಕೆ ದೂರಲಿ, ಅಷ್ಟು ವರ್ಷ ಆ ಸ್ಟೂಲಿನ ಮೇಲೆ ಕೂತ ನಾನೂ ಕೇಳಿರಲಿಲ್ಲ.

"ಲೂರ್ದ್ ಮೇರಿ, ಅಮ್ಮಾ," ಎಂದರು ಅರುಳ್. ಕೈಯಲ್ಲಿದ್ದ ಪುಡಿಯನ್ನು ಒರೆಸಿಕೊಳ್ಳಲು ಬಟ್ಟೆ ಹುಡುಕಿದರು, ಸಿಗಲಿಲ್ಲ. "ಕಿಡ್ನಿ ಹೋಗಿತ್ತು. ಈಗ ಅವಳ ಹೆಸರು ಕೇಳೋರೇ ಇಲ್ಲ."

"ನಮ್ ಕಡೆ ಎರಡ್ನೇ ಎಂಡ್ರಾಗಿ ಓಗೋಳು, ಸತ್ತೋಳ ಎಸ್ರಲ್ಲಿ ಸವತಿ ತಾಳಿ ಅಂತ ಒಂದ್ನ ಕೊರಳ್ಗೆ ಆಕ್ಕತಾಳೆ," ಎಂದಳು ಅವ್ವ. "ಇಲ್ದಿದ್ರೆ ಆ ವಮ್ಮುನ್ಗೆ ನೋವಾಯ್ತದೆ. ನಿಮ್ ಚರ್ಚಲ್ಲಿ ಒಪ್ತಾರಾ?"

ಅರುಳ್ ನನ್ನ ಮುಖ ನೋಡಿದರು. ಅವ್ವ ಹೂಂ ಎಂದಿದ್ದಾಳೆ ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ನನಗೆ ಅಳು ಬಂದುಬಿಟ್ಟಿತು. "ಚರ್ಚಲ್ಲಿ ಗೊತ್ತಿಲ್ಲಮ್ಮಾ," ಎಂದರು ಅವರು. "ನಾನು ಒಪ್ತೀನಿ."

ಅವ್ವ ನನ್ನ ಕಡೆ ತಿರುಗಿದಳು. "ಅಳ್ತಾ ನಿಂತ್ಕಬ್ಯಾಡ. ನಾಳಿದ್ದೇ ಅಕ್ಕಸಾಲಿಗ್ರತ್ರ ಓಗವ. ಸಣ್ಣದು ಸಾಕು. ಮೇರಿ ಆಸೆಬುರುಕಿ ಆಗಿರ್ನಿಲ್ಲ ಅನ್ನುಸ್ತದೆ."

"ಇಲ್ಲಮ್ಮಾ," ಎಂದರು ಅರುಳ್, ಬಹಳ ಪ್ರಾಮಾಣಿಕವಾಗಿ. "ಚಿನ್ನ ಅಂದ್ರೆ ಅವಳಿಗೆ ಭಾರಿ ಆಸೆ ಇತ್ತು."

ಅವ್ವ ಒಂದು ಗಳಿಗೆ ಯೋಚಿಸಿದಳು.

"ಅಂಗಾರೆ ಒಸಿ ದೊಡ್ಡದೇ ಮಾಡ್ಸವ ಬುಡು."