ಹುಬ್ಬಳ್ಳಿ ಬಸ್ಸಿನ ಹಾರ್ನ್ ಮತ್ತು ದೊಡ್ಡವ್ವ

ಹುಬ್ಬಳ್ಳಿ ಬಸ್ಸಿನ ಹಾರ್ನ್ ಕೇಳಿದರೆ ದೊಡ್ಡವ್ವ ಎದ್ದು ನಿಲ್ಲುತ್ತಿದ್ದಳು. ಮಡಿಲಲ್ಲಿ ಮೊರವಿದ್ದರೂ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ನೋಡುವಳು. ಬಸ್ಸು ನಮ್ಮೂರು ಕಲಘಟಗಿಯನ್ನು ದಾಟಿದ ಸದ್ದಾದ ಮೇಲೆ ಮತ್ತೆ ಕೂರುವಳು.

“ಎಲ್ಲಿಗೆ ಹೊಂಟಿ ದೊಡ್ಡವ್ವಾ?” ಎಂದು ಕೇಳುತ್ತಿದ್ದೆ.

“ಎಲ್ಲಿಗಿಲ್ಲ ಬೇ. ಮೊಳಕಾಲು ಹಿಡಕೊಂಡಾವ, ಬಿಡಸಾಕತ್ತೀನಿ.”

ಅವಳು ಅಪ್ಪನ ಅಣ್ಣನ ಹೆಂಡತಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಅಡಿಗೆಮನೆಗೂ ಹಿತ್ತಿಲಿಗೂ ನಡುವೆ ಉಳಿದುಬಿಟ್ಟವಳು. ಹುಬ್ಬಳ್ಳಿಯನ್ನು ನೋಡಿರಲೇ ಇಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಕಾನ್ವೆಂಟು, ಕಾಲೇಜು ಮುಗಿಸಿ ನಾನೂ ಅದೇ ಅಡಿಗೆಮನೆ ಸೇರಿದೆ. “ಗರ್ಲ್ಸ್, ಲೈಫಿಗೊಂದು ಪರ್ಪಸ್ ಬೇಕು” ಎನ್ನುತ್ತಿದ್ದ ಸಿಸ್ಟರ್, ಆ ಪರ್ಪಸ್ಸನ್ನು ರೊಟ್ಟಿ ಬಡಿಯುತ್ತ ಎಲ್ಲಿ ಹುಡುಕಬೇಕೆಂದು ಹೇಳಿಕೊಟ್ಟಿರಲಿಲ್ಲ. ನಾವು ಬಾಯಿಪಾಠ ಮಾಡಿದ ಪೊಯೆಮ್‌ಗಳ ಆಟಮ್ ಋತುವಿನಲ್ಲಿ ಎಲೆ ಉದುರುತ್ತಿದ್ದವು. ನಮ್ಮ ಹೊಲದಲ್ಲಿ ಅದೇ ಹೊತ್ತಿಗೆ ಭತ್ತ ತೆನೆಯನ್ನು ಒಡಲಲ್ಲಿಟ್ಟು ಹೊಡೆಯಾಗಿ, ಬಸುರಿ ಭೂಮಿಗೆ ಬಯಕೆಯೂಟ ಒಯ್ಯುವ ಶೀಗಿ ಹುಣ್ಣಿಮೆ ಬರುತ್ತಿತ್ತು.

ಆ ಹುಣ್ಣಿಮೆಯ ದಿನವೇ ಹುಬ್ಬಳ್ಳಿಯಾಚೆಯ ಶಲವಡಿಯ ಶಾಲೆಯೊಂದರಲ್ಲಿ ನನಗೆ ಇಂಟರ್‌ವ್ಯೂ. ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ: “ನೌಕರಿ ಮಾಡೂದಿದ್ರ ಗಂಡನ ಮನ್ಯಾಗ ಕೇಳಿ ಮಾಡು.” ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಕಡುಬು ಮಾಡುತ್ತಿದ್ದ ದೊಡ್ಡವ್ವ, “ಅಳೂದು ಆಮ್ಯಾಲ. ಮದ್ಲ ಎಳ್ಳು ಹುರಿ” ಎಂದಳು.

ಹೊಲಕ್ಕೆ ಚೆಲ್ಲುವ ಆ ಊಟಕ್ಕೆ ಚರಗ ಎನ್ನುತ್ತೇವೆ. ಚರಗದ ಬುಟ್ಟಿ ಹೊತ್ತವಳನ್ನು ಹಿಂದಿನಿಂದ ಕರೆಯಬಾರದು, ಕರೆದರೆ ಪೈರು ಜೊಳ್ಳಾಗುತ್ತದೆ ಎಂಬುದು ನಮ್ಮ ಮನೆಯ ಕಟ್ಟಳೆ. ಅಪ್ಪ ಅದನ್ನು ಎಂದೂ ಮೀರಿದವನಲ್ಲ.

ಅಂದು ದೊಡ್ಡವ್ವ ಎರಡು ಬುಟ್ಟಿ ಕಟ್ಟಿದಳು. ಒಂದನ್ನು ತಾನು ಹೊತ್ತು, ಇನ್ನೊಂದನ್ನು ನನ್ನ ತಲೆಗೇರಿಸಿದಳು. ಬಸ್ ಸ್ಟ್ಯಾಂಡಿನ ತಿರುವಿಗೆ ಬಂದಾಗ ಹಾರ್ನ್ ಕೇಳಿತು. ಬೆನ್ನ ಹಿಂದೆ ಅವಳು ಉಸುರಿದಳು: “ನಿನ್ನ ಬುಟ್ಟ್ಯಾಗ ಕಡಬಿನ ಕೆಳಗ ನಿನ್ನ ಸೀರಿ, ಸರ್ಟಿಫಿಕೇಟ್ ಅದಾವು. ತಿರುಗಬ್ಯಾಡ, ನಡಿ.”

ಹೊಲದ ದಾರಿ ಬಿಟ್ಟು ಬಸ್ಸಿನ ಕಡೆ ನಡೆದೆ. ಎತ್ತು ಹಿಡಿದು ಹಿಂದೆ ಬರುತ್ತಿದ್ದ ಅಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿತು. ಅದರ ಮೇಲೆಯೇ ದೊಡ್ಡವ್ವನ ದನಿ: “ರುದ್ರಪ್ಪಾ, ಕರದಿ ಅಂದ್ರ ಭತ್ತ ಜೊಳ್ಳು ನೋಡು!”

ಅಪ್ಪ ಕರೆಯಲಿಲ್ಲ. ನನಗೆ ನೌಕರಿ ಸಿಕ್ಕಿತು.

ಅಪ್ಪ ತೀರಿದ ಮೇಲೆ ದೊಡ್ಡವ್ವನನ್ನು ಶಲವಡಿಗೆ ಕರೆದೊಯ್ಯಲು ಬಂದೆ. ಹೊಸ ಸೀರೆ ಉಟ್ಟು, ನನಗಿಂತ ಮುಂದೆ ನಡೆದಳು. ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟವಳು ಅಲ್ಲೇ ನಿಂತು ಕಿವಿಗೊಟ್ಟಳು.

“ಯಾರರೇ ಕರದ್ರೇನ ಬೇ?”

“ಯಾರೂ ಇಲ್ಲ ದೊಡ್ಡವ್ವಾ. ಪ್ಲೀಸ್, ಹತ್ತು.”

ಅವಳ ಮುಖ ಸಣ್ಣದಾಯಿತು. “ತಡಿಯಾವ್ರು ಯಾರೂ ಇಲ್ಲಂದ್ರ ಅಂಜಿಕಿ ಬರ್ತೈತಿ” ಎಂದು ಕಾಲು ಕೆಳಗಿಟ್ಟಳು. “ನೀ ಹೋಗು. ನಾ ಮುಂದಿನ ಬಸ್ಸಿಗೆ ಬರ್ತೀನಿ.”

ಅವಳನ್ನು ನಾನು ನೋಡಿದ್ದು ಅದೇ ಕೊನೆ. ಹಾರ್ನ್ ಆಯಿತು. ಕಿಟಕಿಯಿಂದ ಹಿಂತಿರುಗಿ ನೋಡಿದಾಗ ದೊಡ್ಡವ್ವ ರಸ್ತೆಯ ಬದಿಗೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.