ಉಪ್ಪಿಲ್ಲದ ದನಿ

ಹೋದ ವಾರ ಕೆಮ್ಮು ಬಿಡಲೊಲ್ಲದು ಅಂತ ಗಜೇಂದ್ರಗಡದ ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಡಬ್ಬಿಯ ಮುಚ್ಚಳ ತೆಗೆದು ನಾಲ್ಕು ಜ್ಯೇಷ್ಠಮಧುವಿನ ಕಡ್ಡಿ ಕಾಗದದಲ್ಲಿ ಸುತ್ತಿ ಕೊಟ್ಟರು. ರೋಣದ ಬಸ್ಸಿನಲ್ಲಿ ಕುಳಿತು ಒಂದು ಕಡ್ಡಿ ಬಾಯಿಗೆ ಹಾಕಿಕೊಂಡೆ. ಆ ಮಣ್ಣಿನಂಥ ವಾಸನೆ, ಆಮೇಲೆ ನಿಧಾನಕ್ಕೆ ಬರುವ ಸಿಹಿ... ಸೂಡಿ ದಾಟುವಷ್ಟರಲ್ಲಿ ಕಣ್ಣು ತುಂಬಿ ಬಂದಿದ್ದವು. ಪಕ್ಕದ ಹೆಣ್ಣುಮಗಳು, "ಯಾಕ್ರೀ ಅಕ್ಕಾರ, ಖಾರ ಹತ್ತಿತೇನ್ರಿ?" ಅಂದಳು. ಹೌದವಾ ಅಂದುಬಿಟ್ಟೆ. ಜ್ಯೇಷ್ಠಮಧು ಖಾರ ಅಂತ ಒಪ್ಪಿಕೊಂಡವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಈ ಕಡ್ಡಿಯನ್ನು ದಿನವಿಡೀ ದವಡೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದವರು ನಮ್ಮ ಎದುರುಮನೆಯ ಕಾಕಾ. ನಾನು ನರಗುಂದದಿಂದ ರೋಣಕ್ಕೆ ಸೊಸೆಯಾಗಿ ಬಂದು, ಬಾಗಿಲ ಬಳಿ ಹೊಲಿಗೆ ಮಷಿನ್ ಹಾಕಿಕೊಂಡು ಕುಳಿತ ದಿನದಿಂದ ಅವರ ಅಂಗಳ ನನ್ನ ಕಣ್ಣ ಮುಂದೆಯೇ ಇತ್ತು. ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದವರು. ಕಂಪನಿ ಮುಚ್ಚಿದ ಮೇಲೆ ರೋಣದ ಮಾರುಕಟ್ಟೆಯಲ್ಲಿ ಹತ್ತಿ, ಕಡ್ಲಿ, ಜೋಳದ ಲಿಲಾವಿನಲ್ಲಿ ಬೆಲೆ ಕೂಗುತ್ತಿದ್ದರು. ಅವರು ಅಲ್ಲಿ ಕೂಗಿದರೆ ನಮ್ಮ ಓಣಿಯ ದನ ಕಿವಿ ನಿಮಿರಿಸುತ್ತಿದ್ದವು ಅಂತ ಜನ ಚೇಷ್ಟೆ ಮಾಡುತ್ತಿದ್ದರು. ನಾನು ದನ ನೋಡಿಲ್ಲ, ಆದರೆ ಆ ದನಿ ನನ್ನ ಮಷಿನ್ನಿನ ಸದ್ದಿನ ಮೇಲೆ ಹಾದು ಬರುತ್ತಿದ್ದದ್ದು ಖರೇ. "ದನಿ ಅಂದ್ರ ನನ್ನ ಹೊಲ ಇದ್ದಂಗ, ತಂಗಿ. ನೀರ ಹಾಸಬೇಕಾಗತೈತಿ," ಅಂತ ಕಡ್ಡಿ ಜಗಿಯುತ್ತಿದ್ದರು.

ಅವರ ಮನೆಯವರನ್ನು ನಾನು ಕಾಕಿ ಅನ್ನುತ್ತಿದ್ದೆ. ಗಜೇಂದ್ರಗಡದವರು. ಕಂಪನಿ ಅಲ್ಲಿ ಬೀಡುಬಿಟ್ಟಾಗ ಪರದೆಯ ಹಿಂದಿನ ದನಿ ಕೇಳಿಯೇ ಈ ಮನುಷ್ಯನನ್ನು ಮದುವೆಯಾಗುತ್ತೇನೆ ಅಂದವರಂತೆ. ಮುಖ ಆಮೇಲೆ ನೋಡಿದ್ದು. "ಮಾರಿ ಏನ್ ಅಷ್ಟ ಚಲೋ ಇರಲಿಲ್ಲ ಬೇ, ಆದ್ರ ಅಷ್ಟರಾಗ ಮಾತ ಕೊಟ್ಟಿದ್ದೆ," ಅಂತ ನಗುತ್ತಿದ್ದರು. ಮೊದಲ ಬಾಣಂತನದಲ್ಲಿ ಜ್ವರ ಬಂದು ಕೂಸೂ ಹೋಯಿತು, ಕಾಕಿಯ ಎರಡೂ ಕಣ್ಣೂ ಹೋದವು. ಕಣ್ಣಿಲ್ಲದೆಯೇ ರೊಟ್ಟಿ ಬಡಿಯುತ್ತಿದ್ದರು. ಬೆಂದದ್ದು ವಾಸನೆಯಿಂದಲೇ ತಿಳಿಯುತ್ತಿತ್ತು. ಜಂಪರಿನ ಬಟ್ಟೆ ತಂದರೆ ಮಾತ್ರ ನನ್ನ ಕೈಗೆ ಕೊಟ್ಟು, "ಯಾವ ಬಣ್ಣ ಹೇಳ ಬೇ," ಅನ್ನುತ್ತಿದ್ದರು. ನಾನು ಬರೀ ಹಸಿರು ಅಂದರೆ ಆಗುತ್ತಿರಲಿಲ್ಲ. ಗಿಣಿಯ ಹಸಿರೋ, ಎಲೆಯ ಹಸಿರೋ, ಹೇಳಲೇಬೇಕಿತ್ತು. ನಾನು ಹೇಳಿದ ಬಣ್ಣವೇ ಅವರಿಗೆ ಬಣ್ಣ.

ಒಮ್ಮೆ ಗಜೇಂದ್ರಗಡದ ಕೋಟೆಯಲ್ಲಿ ಸಿನಿಮಾದವರು ಬಂದು ಶೂಟಿಂಗ್ ಮಾಡಿದರು. ಹೆಣ್ಣಿನ ತಂದೆಯ ಪಾತ್ರಕ್ಕೆ ಮನುಷ್ಯ ಬೇಕಾಗಿತ್ತು, ಯಾರೋ ಕಾಕಾನನ್ನು ತೋರಿಸಿದರು. ಅಲ್ಲಿಂದ ಹತ್ತಿತು ಆ ಹುಚ್ಚು. ಒಟ್ಟು ಒಂಬತ್ತು ಸಿನಿಮಾ. ಹೆಣ್ಣಿನ ತಂದೆ, ಪಂಚಾಯ್ತಿಯ ಹಿರಿಯ, ಹವಾಲ್ದಾರ, ಕೋರ್ಟಿನ ಗುಮಾಸ್ತ... ಯಾವುದರಲ್ಲೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ಇದ್ದವರಲ್ಲ. ಪರದೆಯ ಮೇಲೆ ಹೆಸರು ಬರುವಾಗ ಕೊನೆಗೆ 'ಮತ್ತು ಇತರರು' ಅಂತ ಬರುತ್ತದಲ್ಲ, "ಆ ಇತರರು ಅನ್ನಾಂವ ನಾನ," ಅಂತ ಎದೆ ತಟ್ಟಿಕೊಳ್ಳುತ್ತಿದ್ದರು.

ಕರೆ ಬಂದ ಕೂಡಲೇ ಅಂಗಳದಲ್ಲಿ ತಾಲೀಮು ಶುರು. ಮೊದಲು ಸಿಕ್ಕಿದ್ದು ಆ ಹೆಣ್ಣಿನ ತಂದೆಯ ಪಾತ್ರ. ಇದ್ದದ್ದು ಒಂದೇ ಮಾತು: "ನನ್ನ ಮಗಳ ಕಣ್ಣೀರ ತೂಗೋ ತಕ್ಕಡಿ ನಿಮ್ಮಲ್ಲಿದ್ದರೆ ತನ್ನಿ ಗೌಡರೇ, ನಾನೇ ತೂಗಿ ಕೊಡ್ತೀನಿ." ಇದನ್ನು ಕಾಕಾ ಎಷ್ಟು ಸಲ ಹೇಳಿದರೋ! ನನಗೇ ಬಾಯಿಪಾಠವಾಗಿ, ಒಂದು ದಿನ ಒಗ್ಗರಣೆ ಹಾಕುತ್ತ ಹಾಕುತ್ತ ನಾನೇ ಗೌಡರನ್ನು ಬೈಯುತ್ತಿದ್ದೆ. ಪ್ರತಿ ಸಲ ಮಾತು ಮುಗಿದ ಮೇಲೆ ಕಾಕಾ ಒಳಗೆ ತಿರುಗಿ, "ಕೇಳಿಸ್ತೇನ?" ಅನ್ನುತ್ತಿದ್ದರು. ಅದು ಕಂಪನಿಯ ಕಾಲದ ರೂಢಿ, ಕೊನೆಯ ಸಾಲಿಗೆ ಮುಟ್ಟಿತೋ ಇಲ್ಲವೋ ಅಂತ ಕೇಳುವುದು. ಒಲೆಯ ಮುಂದಿನಿಂದ ಕಾಕಿ, "ಕೇಳಿಸ್ತ್ರಿ," ಅನ್ನುತ್ತಿದ್ದರು. ಆ ಉತ್ತರ ಬರುವ ತನಕ ಅವರ ತಾಲೀಮು ಮುಗಿಯುತ್ತಿರಲಿಲ್ಲ.

ಕಾಕಿಗೆ ಇದ್ದದ್ದು ಒಂದೇ ಆಸೆ. "ಪಿಕ್ಚರಿನ್ಯಾಗ ಇವ್ರ ದನಿ ಬರ್ತೈತಲ್ಲ, ಅದನ್ನ ಟಾಕೀಜಿನ್ಯಾಗ ಕುಂತ ಕೇಳಬೇಕ. ನೀ ಬಾಜೂಕ ಕುಂತ ಉಳದದ್ದ ಹೇಳ," ಅಂತ ನನಗೆ ಮುಂಚೆಯೇ ಹೇಳಿ ಇಟ್ಟಿದ್ದರು.

ಆ ಸಿನಿಮಾ ರೋಣಕ್ಕೆ ಬರುವ ಮುಂಚೆ ಕಾಕಾ ಬೆಂಗಳೂರಿಗೆ ಹೋಗಿ ಬಂದರು. ತಮ್ಮ ಮಾತಿಗೆ ತಾವೇ ದನಿ ಕೊಡುವುದಿತ್ತಂತೆ. ಬಂದವರು ಎರಡು ದಿನ ಅಂಗಳಕ್ಕೇ ಇಳಿಯಲಿಲ್ಲ. ಮೂರನೆಯ ದಿನ ಕಾಕಿ ಮಲಗಿದ ಹೊತ್ತಿಗೆ ಅಂಗಿಯ ಗುಂಡಿ ಹಚ್ಚಿಸುವ ನೆಪ ಮಾಡಿ ನನ್ನ ಬಾಗಿಲಿಗೆ ಬಂದರು.

"ಕತ್ತಲ ಖೋಲಿ, ತಂಗಿ. ಮುಂದ ಪರದೇ ಮ್ಯಾಲ ನನ್ನ ಮಾರಿ. ಅದು ಬಾಯಿ ತೆರದಾಗ ನಾ ತೆರೀಬೇಕ, ಮುಚ್ಚಿದಾಗ ಮುಚ್ಚಬೇಕ. ಮೂವತ್ತ ಸಲ ಮಾಡಿದೆ. ಒಮ್ಮೆ ಲಗೂ ಆತು, ಒಮ್ಮೆ ತಡಾ ಆತು. ನನ್ನ ಬಾಯಿಗೆ ನಾನ ಹತ್ತಲಿಲ್ಲ."

ನನಗೆ ಅರ್ಥವಾಗಲಿಲ್ಲ ಅಂತ ಅವರೇ ಬಿಡಿಸಿ ಹೇಳಿದರು. ನಾಟಕದವರು ಒಂದು ಮಾತನ್ನು ಎರಡು ಸಲ ಒಂದೇ ತೆರ ಆಡಿದವರಲ್ಲ. ಎದುರಿನ ಜನ ನೋಡಿ ಒಂದು ದಿನ ಎಳೆಯುತ್ತಾರೆ, ಒಂದು ದಿನ ಕತ್ತರಿಸುತ್ತಾರೆ. ಕೋಟೆಯ ಮೇಲೆ ಅವತ್ತು ಹೇಗೆ ಆಡಿದ್ದರೋ ಹಾಗೆಯೇ ಮತ್ತೆ ಆಡು ಅಂದರೆ ಎಲ್ಲಿಂದ ತರುವುದು? ಕೊನೆಗೆ ಯಾರೋ ಒಬ್ಬ ಹುಡುಗ ಬಂದನಂತೆ. "ಎರಡ ಸಲದಾಗ ಮುಗಿಸಿ ಚಾ ಕುಡ್ಯಾಕ ಹೋದ ನೋಡ," ಅಂದರು. ಅಷ್ಟು ದೊಡ್ಡ ದನಿಯ ಮನುಷ್ಯ ಅವತ್ತು ಪಿಸುಗುಡುತ್ತಿದ್ದರು.

ಆಮೇಲೆ ಕೇಳಬೇಕಾದ್ದನ್ನು ಕೇಳಿದರು. "ನಿಮ್ಮ ಕಾಕಿಗೆ ಹೇಳಬ್ಯಾಡ. ನನಗ ಮಾತಿಲ್ಲದ ಪಾರ್ಟ್ ಕೊಟ್ಟಾರ, ಸುಮ್ಮನ ನಿಂತಿರ್ತೀನಿ ಅಂತ ಹೇಳಿಬಿಡ. ಮೂಕ ಅಂದ್ರ ಸೈತ ನಡೀತೈತಿ. ಇನ್ನೊಬ್ಬನ ದನ್ಯಾಗ ಮಾತಾಡೇನಿ ಅಂತ ಆಕಿಗೆ ಗೊತ್ತಾಗೂದ ಬ್ಯಾಡ."

ಗುಂಡಿ ಹಚ್ಚುತ್ತಿದ್ದೆ, ದಾರ ಬಾಯಲ್ಲಿತ್ತು. ಹೂಂ ಅಂದೆ. ಅಷ್ಟೇ ನೋಡಿ, ಆ ಒಂದು ಹೂಂ.

ಟಾಕೀಸಿನಲ್ಲಿ ಹೆಂಗಸರ ಬೆಂಚಿನ ಮೇಲೆ ನಾನೂ ಕಾಕಿಯೂ ಕುಳಿತೆವು. ಕಾಕಿ ನವಿಲು ಬಣ್ಣದ ಇಳಕಲ್ ಸೀರೆ ಉಟ್ಟಿದ್ದರು, ಬಣ್ಣ ನಾನೇ ಆರಿಸಿದ್ದು. ಕಾಕಾ ಪರದೆಯ ಮೇಲೆ ಬಂದರು. ತಲೆಗೆ ಬಿಳಿ ಪಟಗ, ಮುಂದೆ ಚಾಚಿದ ಕೈ. ಬಾಯಿ ತೆರೆದರು. ಯಾವನದೋ ತೆಳ್ಳಗಿನ, ತೊಳೆದಿಟ್ಟಂಥ ದನಿ ಹೊರಬಂತು. ಗಂಡಸರ ಕಡೆ ಯಾರೋ ಸಿಳ್ಳು ಹಾಕಿದರು. ಕಾಕಿ ನನ್ನ ಕೈ ಒತ್ತಿ, "ಇವ್ರ ಬಂದ್ರೇನ?" ಅಂದರು.

"ಬಂದ್ರು ಕಾಕಿ. ಮೂಲ್ಯಾಗ ನಿಂತಾರ. ಇವ್ರಿಗೆ ಮಾತಿಲ್ಲ."

"ಇಂಥಾ ದನಿ ಇದ್ದವ್ರಿಗೆ ಮೂಕನ ಪಾರ್ಟ್ ಕೊಡ್ತಾರಲ್ಲ, ಅವರ ಕಣ್ಣ ಹೋಗ್ಲಿ!" ಅಂದರು ಕಾಕಿ. ಮತ್ತೆ, "ಹೋಗೂದ ಬ್ಯಾಡ ಬಿಡ, ಪಾಪ. ಅದರ ಕಷ್ಟ ನನಗ ಗೊತ್ತೈತಿ," ಅಂತ ತಾವೇ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದರು. ಹ್ಯಾಂಗಿತ್ತು ಅಂತ ಕೇಳಿದರು. ಕಾಕಿ ಚಪ್ಪಲಿ ಬಿಡುತ್ತ, "ಎಲ್ಲಾ ಚಲೋ ಐತ್ರಿ. ಆ ಹುಡಿಗೀ ಅಪ್ಪನ ಪಾರ್ಟ್ ಮಾಡ್ಯಾನಲ್ಲ, ಅವನ ದನ್ಯಾಗ ಮಾತ್ರ ಉಪ್ಪಿಲ್ಲ. ಅದ ಮಾತ ನೀವ ಅಂಗಳದಾಗ ಎಷ್ಟ ಚಂದ ಆಡತಿದ್ರಿ. ನಿಮಗರ ಕೊಡಬಾರದಿತ್ತೇನ?" ಅಂದರು. ಕಾಕಾ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮುಂದೆ ಎಂಟು ಸಿನಿಮಾಗಳಿಗೂ ಇದೇ ಕಥೆ. ಒಂದು ಸುಳ್ಳನ್ನು ಮುಚ್ಚಲು ನೂರು ಸುಳ್ಳು ಅಂತಾರಲ್ಲ, ನಾನು ಎಂಟರಲ್ಲಿ ಮುಗಿಸಿದೆ. ಮಾರುಕಟ್ಟೆಯ ಹಮಾಲರು, "ಏನ್ರಿ ಕಾಕಾ, ಬೆಂಗಳೂರ ನೀರ ಕುಡದ ದನಿ ಸಣ್ಣ ಆಗೇತಲ್ರಿ!" ಅಂತ ಕಾಡುತ್ತಿದ್ದರು. "ಅಲ್ಲೀ ಮಂದಿಗೆ ನಮ್ಮ ರೊಟ್ಟಿ ತಿಂದ ದನಿ ಪಚನ ಆಗೂದಿಲ್ಲೋ," ಅಂತ ಕಾಕಾ ತಿರುಗಿ ಅನ್ನುತ್ತಿದ್ದರು. ಊರಿನವರು ಅದನ್ನೇ ನಂಬಿದರು. ಆ ಕತ್ತಲ ಖೋಲಿಯ ಮೂವತ್ತು ಸಲ ನನಗೊಬ್ಬಳಿಗೆ ಗೊತ್ತಿತ್ತು. ಮನೆಯಲ್ಲಿ ಮಾತ್ರ ಅವರು ಕಾಕಿಯ ಮುಂದೆ ಮೂಕನಂತೆ ನಟಿಸಿ ತೋರಿಸುತ್ತಿದ್ದರು, ಕಾಕಿಗೆ ಅದು ಕಾಣುವುದಿಲ್ಲ ಅಂತ ಮರೆತು... ಆಮೇಲೆ ನೆನಪಾಗಿ ಇಬ್ಬರೂ ನಗುತ್ತಿದ್ದರು.

ಕಾಕಾ ಹೋದದ್ದು ಬೇಸಿಗೆಯಲ್ಲಿ. ಮೂರು ದಿನದ ಜ್ವರ, ಗದಗಿನ ದವಾಖಾನೆ, ನಾಲ್ಕನೆಯ ದಿನ ಹೆಣ. ದಿನಕರ್ಮ ಮುಗಿದ ಮೇಲೆ ಕಾಕಿ ಮನೆಮನೆಗೆ ಹೋಗಿ ಕೇಳತೊಡಗಿದರು, ಯಾರಾದರೂ ಟೇಪಿನಲ್ಲಿ ಅವರ ದನಿ ಹಿಡಿದಿದ್ದೀರಾ ಅಂತ. ಯಾರ ಬಳಿಯೂ ಇರಲಿಲ್ಲ. ದಿನಾ ಬಿಟ್ಟಿಯಾಗಿ ಕೇಳುತ್ತಿದ್ದ ದನಿಯನ್ನು ಹಿಡಿದಿಡಬೇಕು ಅಂತ ಯಾರಿಗೆ ಹೊಳೆದೀತು? ಹಿತ್ತಲ ಗಿಡ ಮದ್ದಲ್ಲ. ಕಾಕಿಯ ಕೈ ಹಿಡಿದುಕೊಂಡು ನಾನೇ ಅವರನ್ನು ಮಾರುಕಟ್ಟೆಗೂ ಕರೆದೊಯ್ದಿದ್ದೆ. ಹೊಸಬನೊಬ್ಬ ಲಿಲಾವು ಕೂಗುತ್ತಿದ್ದ. ಸ್ವಲ್ಪ ಹೊತ್ತು ನಿಂತು, "ನಡಿ ಬೇ," ಅಂದರು.

ಅದೇ ವರ್ಷ ಒಂದು ರವಿವಾರ ಮಧ್ಯಾಹ್ನ ನಮ್ಮ ಮನೆಯ ಟೀವಿಯಲ್ಲಿ ಆ ಮೊದಲ ಸಿನಿಮಾ ಬಂತು. ನಾನು ಹಿಂದೆ ಭಾಂಡೆ ತಿಕ್ಕುತ್ತಿದ್ದೆ. ನನ್ನ ಮಕ್ಕಳು ಬೀದಿಗೆ ಓಡಿ, "ಕಾಕಾ ಟೀವ್ಯಾಗ ಬರ್ತಾರ! ಕಾಕಿ, ಈಗ ಮಾತಾಡ್ತಾರ ಬರ್ರಿ!" ಅಂತ ಕೂಗಿಬಿಟ್ಟರು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕಾಕಿ ಗೋಡೆ ಹಿಡಿದುಕೊಂಡು, ಚಪ್ಪಲಿಯಿಲ್ಲದೆ, ಓಡುವಂತೆ ನಡೆದು ಬಂದಿದ್ದರು. ಟೀವಿಯ ಮುಂದೆ ಕುಳಿತು ಸೆರಗು ತಲೆಯ ಮೇಲೆ ಎಳೆದುಕೊಂಡರು. "ದನಿ ದೊಡ್ಡದ ಮಾಡ್ರೋ ಕೂಸ," ಅಂದರು. ಆ ಮುಖದಲ್ಲಿದ್ದ ಆಸೆಯನ್ನು ಹೇಗೆ ಹೇಳಲಿ... ಸತ್ತವರು ಬಾಗಿಲಿಗೆ ಬಂದಿದ್ದಾರೆ ಅನ್ನುವ ಹಾಗೆ ಕುಳಿತಿದ್ದರು.

ಮಕ್ಕಳು ಕುಣಿದರು, "ಇವ್ರ, ಇವ್ರ ನೋಡ್ರಿ, ಕಾಕಾ!" ತಕ್ಕಡಿಯ ಮಾತು ಬಂತು. ಅದೇ ತೊಳೆದಿಟ್ಟ ದನಿ.

ಕಾಕಿಯ ಮುಖ ನಿಧಾನಕ್ಕೆ ಆರಿತು. "ಇದು ಆ ಉಪ್ಪಿಲ್ಲದ ದನಿ," ಅಂದರು. ಆಮೇಲೆ ನಾನು ನಿಂತಿದ್ದ ಕಡೆ ಸರಿಯಾಗಿ ತಿರುಗಿದರು. "ತಂಗೀ, ಅವತ್ತ ನೀ ನನ್ನ ಬಾಜೂಕ ಕುಂತಿದ್ದಿ."

ಬೈದಿದ್ದರೆ ಚಲೋ ಇತ್ತು. ನಾನು ಅವರ ಕಾಲ ಬಳಿ ಕುಳಿತು ಎಲ್ಲ ಹೇಳಿದೆ, ಕತ್ತಲ ಖೋಲಿ, ಮೂವತ್ತು ಸಲ, ಗುಂಡಿ ಹಚ್ಚಿದ ಮಧ್ಯಾಹ್ನ. ಕೇಳಿದರು. "ಆತ ಬಿಡವಾ. ಅವ್ರು ಹೇಳಿದ್ರು, ನೀ ಮಾಡಿದಿ," ಅಂತ ಎದ್ದು ಹೋದರು. ಸಿಟ್ಟು ಇಟ್ಟುಕೊಂಡವರಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು, ಮಕ್ಕಳಿಗೆ ದೃಷ್ಟಿ ತೆಗೆಯುತ್ತಿದ್ದರು. ಜಂಪರಿನ ಬಟ್ಟೆಯನ್ನೂ ನನಗೇ ತಂದುಕೊಟ್ಟರು. ಆದರೆ ಬಣ್ಣ ಯಾವುದು ಅಂತ ಮತ್ತೆಂದೂ ಕೇಳಲಿಲ್ಲ. ನಾನಾಗಿಯೇ ಹೇಳಿದರೆ, "ಯಾವುದರ ಇರಲಿ," ಅನ್ನುತ್ತಿದ್ದರು. ಅವರು ತೀರಿಕೊಂಡ ದಿನ ಉಡಿಸಿದ ಸೀರೆಯ ಬಣ್ಣವನ್ನು ನಾನು ಅವರ ಕಿವಿಯಲ್ಲಿ ಹೇಳಿದೆ. ಹಸಿರು, ಎಲೆಯ ಹಸಿರು. ಖರೇನೇ ಹೇಳಿದ್ದೆ.

ಹೋದ ವಾರ ಬಸ್ಸಿಳಿದು ಮನೆಗೆ ಬಂದು, ಕಡ್ಡಿ ಇನ್ನೂ ಬಾಯಲ್ಲಿದ್ದಾಗಲೇ ಫೋನಿನಲ್ಲಿ ಆ ಸಿನಿಮಾ ಹುಡುಕಿದೆ. ಯಾರೋ ಪುಣ್ಯಾತ್ಮರು ಹಾಕಿದ್ದಾರೆ. ಬಿಳಿ ಪಟಗ, ಮುಂದೆ ಚಾಚಿದ ಕೈ. ಆ ದನಿ ಕೇಳಲು ಮನಸ್ಸಾಗದೆ ಸದ್ದು ಪೂರಾ ಬಂದ್ ಮಾಡಿ ನೋಡಿದೆ. ತುಟಿಯನ್ನಷ್ಟೇ ನೋಡುತ್ತ ಹೋದರೆ, ಅಂಗಳದ ಆ ಮಾತು, ಆ ಎಳೆತ, ಎಲ್ಲ ನನಗೆ ಬರುತ್ತಿತ್ತು. ಅವತ್ತು ಟೀವಿಯ ಸದ್ದು ಆರಿಸಿ, ತುಟಿ ನೋಡಿಕೊಂಡು ಕಾಕಿಗೆ ನಾನೇ ಹೇಳಬಹುದಿತ್ತಲ್ಲ... ಅವರ ಎಳೆತದಲ್ಲೇ ಹೇಳಬಹುದಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಇಷ್ಟು ವರ್ಷ ಹೊಳೆಯಲೇ ಇಲ್ಲ.

ಫೋನಿನಲ್ಲಿ ಇನ್ನೊಂದನ್ನೂ ಕಂಡೆ. ಸದ್ದು ಹಾಕಿ ನೋಡಿದರೆ ಆ ಹುಡುಗನ ದನಿ 'ಕೊಡ್ತೀನಿ' ಅನ್ನುವಲ್ಲಿಗೆ ಮುಗಿಯುತ್ತದೆ. ಕಾಕಾನ ತುಟಿ ಅಲ್ಲಿಗೆ ನಿಲ್ಲುವುದಿಲ್ಲ. ಮುಖ ಅರ್ಧ ಹೊರಳಿ, ತುಟಿಗಳು ಇನ್ನೊಂದು ಸಣ್ಣ ಮಾತು ಆಡುತ್ತವೆ, ಅಷ್ಟರಲ್ಲಿ ಗೌಡರ ಮುಖ ಬಂದುಬಿಡುತ್ತದೆ. ಹಿಂದಕ್ಕೆ ಸರಿಸಿ ಸರಿಸಿ ಹತ್ತು ಸಲ ನೋಡಿದೆ. ತುಟಿ ಓದುವ ವಿದ್ಯೆ ನನಗಿಲ್ಲ. ಆದರೆ ಮಷಿನ್ನಿನ ಮುಂದೆ ಕುಳಿತು ಅಷ್ಟು ವರ್ಷ ನೋಡಿದ್ದೇನಲ್ಲ, ಮಾತು ಮುಗಿದ ಮೇಲೆ ಆ ಮುಖ ಯಾವ ಕಡೆ ತಿರುಗುತ್ತಿತ್ತು ಅಂತ. ಆ ಮಾತು 'ಕೇಳಿಸ್ತೇನ' ಅಂತಲೇ.

ನನ್ನ ಬಾಯಿಂದ ಕೇಳಿಸ್ತ್ರಿ ಅಂತ ಬಂದುಬಿಟ್ಟಿತು. ಹೇಳಬೇಕಾದವಳು ನಾನಲ್ಲ. ಎದುರುಮನೆಯ ಕದಕ್ಕೆ ಈಗ ಬೇರೆಯವರ ಬೀಗ ಇದೆ.