ಟರ್ಕಿ ಕೋಳಿಗೆ ಹೋದ ಗಾಡಿಯ ಕಮಾನು

ನಿನ್ನೆ ಪಕ್ಕದ ಮನೆಯವರಿಗೆ ಹೇಳಿದ್ದೆ, ಟರ್ಕಿ ಕೋಳಿಗೆ ಗೋಡೆ ಬೇಡ, ಸೂರು ಸಾಕು ಎಂದು. ಇಂದು ಅವರ ಹಿತ್ತಿಲಲ್ಲಿ ಅದರ ಕೂಗು ಕೇಳಿ ಮನಸ್ಸು ಮತ್ತೆ ಬಾಲ್ಯಕ್ಕೇ ಹೋಯಿತು.

ಯಲ್ಲಾಪುರದಲ್ಲಿ ಅಪ್ಪ ಎತ್ತಿನಗಾಡಿ ಹೊಡೆಯುತ್ತಿದ್ದ. ವರ್ಗವಾಗಿ ಹೊರಟ ಅರಣ್ಯ ಇಲಾಖೆಯ ಜಂಗಲ್ ಸಾಹೇಬರೊಬ್ಬರು ಅಮ್ಮನಿಗೆ ಟರ್ಕಿ ಜೋಡಿ ಬಿಟ್ಟುಹೋದರು. ಅಪ್ಪ ಊರಕೋಳಿಗೆ ಕಟ್ಟುವಂತೆ ತಗ್ಗಿನ, ಮುಚ್ಚಿದ ಗೂಡು ಕಟ್ಟಿದ. ಅವು ಒಳಗೆ ಕಾಲಿಡದೆ ಗಾಡಿಯ ಚಕ್ರದ ಮೇಲೆ ಕೂತು ಮಳೆಯಲ್ಲಿ ನೆನೆದವು.

“ಸತ್ತೇ ಹೋಗ್ತವು, ಎಂತಾರೂ ಮಾಡಿ!” ಅಮ್ಮನ ಕಣ್ಣಲ್ಲಿ ನೀರು.

“ನಿನ್ನ ಲಾಟ್‌ಸಾಹೇಬ್ರಿಗೆ ಬಂಗ್ಲೆನೇ ಬೇಕೇನ?” ಎಂದು ನಗುತ್ತ ಅಪ್ಪ ಗಾಡಿಯ ಮೇಲೆ ಮಳೆ ತಡೆಯುತ್ತಿದ್ದ ಚಾಪೆಕಮಾನನ್ನೇ ಬಿಚ್ಚಿ ನಾಲ್ಕು ಕಂಬದ ಮೇಲೆ ಕಟ್ಟಿದ, ಕೆಳಗೆ ಚಕ್ರದೆತ್ತರಕ್ಕೆ ಒಂದು ಬಿದಿರಿನ ಗಳ ಅಡ್ಡ ಹಾಕಿದ. ಎರಡೂ ಹಾರಿ ಕೂತವು.

ಆ ಮಳೆಗಾಲವಿಡೀ ಅಪ್ಪ ತಲೆಮೇಲಿಂದ ಹೊದ್ದ ಕಂಬಳಿಕೊಪ್ಪೆಯಲ್ಲೇ ಗಾಡಿ ಹೊಡೆದ. ಮುಂದೆ ಕಾಲೇಜಿನಲ್ಲಿ ‘ಶೆಲ್ಟರ್’ ಎಂಬ ಶಬ್ದ ಬಂದಾಗ ನನಗೆ ಕಂಡದ್ದು ಅವನ ಒದ್ದೆ ಬೆನ್ನು.

ಬರೆಯುತ್ತಿರುವ ಅಕ್ಷರಗಳು ಮಸುಕಾಗುತ್ತಿವೆ; ಬೆಳಕು ಇಳಿಯಿತೇನೋ. ನನ್ನವಳಿದ್ದಿದ್ದರೆ ಇಷ್ಟೊತ್ತಿಗೆ ದೀಪ ಹಾಕಿರುತ್ತಿದ್ದಳು.